ರಾಯ್ಸ್ ಹಾಕಲು ಬಂದ ದಾವೆ

ಟೆಕ್ಸಾಸ್‌ನ ಸಣ್ಣ ಊರೊಂದರ ಕೋರ್ಟು ಕಚೇರಿಯಲ್ಲಿ ವಿಲ್ಡಾ ಸಾಲಿನಲ್ಲಿ ನಿಂತಿದ್ದಳು. ಮುಂದೆ, ಅವಳದೇ ಚರ್ಚಿನ ರಾಯ್ಸ್ ಮತ್ತು ಅವನ ಅಕ್ಕ ನಡೀನ್ ಪಿಸುದನಿಯಲ್ಲೇ ಜಗಳವಾಡುತ್ತಿದ್ದರು. ಅವರು ಇವಳನ್ನು ಗಮನಿಸಿರಲಿಲ್ಲ.

“ಗರ್ಭ ತೆಗೆಸ್ಕೊಂಡಿದ್ದು ನಿನ್ನ ಮಗಳು. ಅವಳ ಟೀಚರ್ ಮೇಲೆ ಯಾಕೋ ದಾವೆ?”

“ಕ್ಲಿನಿಕ್ಕಿಗೆ ಕರ್ಕೊಂಡು ಹೋದೋರು ಅವರೇ ಅಲ್ವಾ? ಗರ್ಭ ತೆಗೆಸೋಕೆ ಸಹಾಯ ಮಾಡಿದೋರ ಮೇಲೆ ಇಲ್ಲಿ ಯಾರು ಬೇಕಾದ್ರೂ ದಾವೆ ಹಾಕ್ಬಹುದು. ಕಾನೂನೇ ಇದೆ ಅಕ್ಕ.”

“ಹಾಕ್ಬಹುದು ಅನ್ನುತ್ತೆ. ಹಾಕ್ಲೇಬೇಕು ಅನ್ನುತ್ತಾ? ಸರ್ಕಾರ ತನ್ನ ಕೈಗೆ ಮಸಿ ಹತ್ತದ ಹಾಗೆ ನಿನ್ನ ಕೈಲಿ ಮಾಡಿಸ್ತಿದೆ ಕಣೋ. ಕರ್ಕೊಂಡು ಹೋಗಿದ್ದು ಟೀಚರ್ ಅಂತ ಯಾರು ಹೇಳಿದ್ರು?”

“ಚರ್ಚಿನೋರೊಬ್ರು. ಟೀಚರ್ ಕಾರಲ್ಲಿ ಇವಳನ್ನ ನೋಡಿದ್ರಂತೆ.”

ವಿಲ್ಡಾ ತಲೆ ತಗ್ಗಿಸಿದಳು. ಹೇಳಿದವಳು ಅವಳೇ.

“ಹಾಗಾದ್ರೆ ನನ್ನ ಹೆಸರೂ ಬರ್ಕೋ. ಕ್ಲಿನಿಕ್ ಒಳಗೆ ಅವಳ ಕೈ ಹಿಡ್ಕೊಂಡು ಕೂತಿದ್ದೋಳು ನಾನು.”

“ನೀನಾ? ನಂಗ್ಯಾಕೆ ಹೇಳ್ಲಿಲ್ಲ?”

“ಅಪ್ಪಂಗೆ ಮಾತ್ರ ಹೇಳ್ಬೇಡ ಅಂತ ಅತ್ತಳು ಕಣೋ.”

ರಾಯ್ಸ್ ಮುಖ ಕಿವಿಯವರೆಗೂ ಕೆಂಪಾಯಿತು. ಗುಮಾಸ್ತೆ ಕೂಗಿದಾಗ ಅವನು ಕಾಗದಗಳನ್ನು ಮಡಚಿ ಹಿಂತಿರುಗಿದ. ಆಗ ವಿಲ್ಡಾ ಕಣ್ಣಿಗೆ ಬಿದ್ದಳು.

“ನೀವು ಮುಂದೆ ಹೋಗಿ” ಎಂದಷ್ಟೇ ಹೇಳಿ ಅಕ್ಕನ ಹಿಂದೆ ಹೊರಟುಹೋದ. ಕಾರಲ್ಲಿ ನೋಡಿ ತನಗೆ ಹೇಳಿದ್ದು ಇವರೇ ಎಂದು ಅವನು ಅಕ್ಕನಿಗೆ ಹೇಳಲಿಲ್ಲ.