ಬುರ್ಗಾಸಿನ ಡಾಕ್ಟರನ್ನು ಕದ್ದವರು ಯಾರು?

ಇರುವೆ ಸೀನಿದರೆ ಯಾವ ಇರುವೆ ಎಂದು ಹೇಳಬಲ್ಲ ಕಿವಿ ನನ್ನದು. ಅಂದು ಬೆಳಿಗ್ಗೆ ಪ್ಲೋವ್‌ದಿವ್‌ನ ನಮ್ಮ ಬೇಕರಿಯಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾಕ್ಕೆ ನಿಂತಿದ್ದ ಕ್ಯೂ ಕಪ್ಪು ಸಮುದ್ರವನ್ನೇ ಮುಟ್ಟಿತ್ತು. ನನ್ನ ಮುಂದೆ ಝ್ಲಾತ್ಕಾ, ಒಗ್ನ್ಯಾನ್ ಎಂಬ ಇಬ್ಬರು ಜಾವಾ ಪ್ರೋಗ್ರಾಮರುಗಳು.

“ವಾರ್ನಾ ಆಸ್ಪತ್ರೆ ಪಟ್ಟಿಯಿಂದ ಒಬ್ಬ ಡಾಕ್ಟರನ್ನ ತೆಗೆದೆ. ಬುರ್ಗಾಸಿಂದಲೂ ಅದೇ ಹೆಸರು ಮಾಯ! ನೀನೇ ಕೈಯಾಡಿಸಿದ್ದು, ಒಗ್ನ್ಯಾನ್.”

“ನಿನ್ ಕೋಡು ನಾನು ಮುಟ್ಟೇ ಇಲ್ಲ ಕಣೇ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.”

“ಮ್ಯಾಪ್ ಹೇಗೆ ಕಟ್ಟಿದೀಯ, ಅದು ಹೇಳು.” (ಇವರ ಮ್ಯಾಪು ಭೂಪಟವಲ್ಲ; ಪ್ರೋಗ್ರಾಮಿನೊಳಗೆ ಹೆಸರಿನ ಚೀಟಿ ಅಂಟಿಸಿ ಮಾಹಿತಿ ಇಡುವ ಡಬ್ಬಿ.)

“ಹೊರಗಿನ ಮ್ಯಾಪಲ್ಲಿ ಊರು. ಪ್ರತಿ ಊರಿಗೂ ಒಳಗೊಂದು ಮ್ಯಾಪು, ಅದರಲ್ಲಿ ಡಾಕ್ಟರುಗಳು.”

“ಆ ಒಳಗಿನ ಮ್ಯಾಪನ್ನ ಊರೂರಿಗೂ ಹೊಸದಾಗಿ ಮಾಡಿದ್ಯಾ?”

“ಇಲ್ಲ, ಊರೂರು ಸುತ್ತೋ ಲೂಪಿಗೆ ಮುಂಚೆ ಒಂದೇ ಸಲ. ಮಾತು ಮರೆಸ್ಬೇಡ.”

“ಅಯ್ಯೋ ಮಾರಾಯ್ತಿ, ಒಂದೇ ಡಬ್ಬಿಗೆ ಎಲ್ಲಾ ಊರಿನ ಚೀಟಿ ಅಂಟಿಸಿದೀಯ! ವಾರ್ನಾ ಅಂದ್ರೂ ಅದೇ ಡಬ್ಬಿ, ಬುರ್ಗಾಸ್ ಅಂದ್ರೂ ಅದೇ.”

ಝ್ಲಾತ್ಕಾ ಹಣೆ ಚಚ್ಚಿಕೊಂಡ ಸದ್ದು ಕ್ಯೂವಿನ ಆ ತುದಿಗೂ ಕೇಳಿಸಿತು.

“ನನ್ ಮೇಲೆ ದೂರುಗೀರು ಕೊಟ್ಟಿಲ್ಲ ತಾನೇ, ಝ್ಲಾತ್ಕಾ?”

“ಬರೆದು ಆಫೀಸಲ್ಲಿ ಮೇಡಂ ಮೇಜಿನ ಮೇಲೆ ಇಟ್ಟಿದೀನಿ. ನಿನ್ನ ಕೆಲಸದಿಂದ ತೆಗೀಬೇಕು ಅಂತ.”

“ಮೇಡಂ ಒಂಬತ್ತಕ್ಕೆ ಬರ್ತಾರೆ. ಇನ್ನು ನಾಲ್ಕೇ ನಿಮಿಷ! ಓಡು!”

ಕುದುರೆಗಳು ನಾಚುವಂತೆ ಇಬ್ಬರೂ ಓಡಿದರು. ಓಡುತ್ತಲೇ ಅವಳು ಕೂಗಿದಳು:

“ನನ್ ಕೋಡು ನೋಡ್ದೆ ಇದೆಲ್ಲ ನಿಂಗೆ ಹೇಗೆ ಗೊತ್ತಾಯ್ತು?”

“ಹೋದ ವರ್ಷ ನಾನೂ ಹೀಗೇ ಮಾಡಿದ್ದೆ. ನೀನೇ ಕೆಡಿಸಿದ್ದು ಅಂತ ಒಂದು ತಿಂಗಳು ನಿನ್ನ ಮೇಲೆ ಕಣ್ಣಿಟ್ಟಿದ್ದೆ!”