ದಾಳ ಓದುವವಳು

...ಆರೇ ಅಣ್ಣ, ಆರು! ಕಣ್ಣಾರೆ ನೋಡಿ ಹೇಳ್ತಿದೀನಿ. ನಿನ್ನ ಸೇನಾಪತಿ ಸೇತುವೆಯಿಂದ ಬೀಳಲಿಲ್ಲ, ಬದುಕಿದ. ಆಟ ಮುಗೀತು, ನಿನ್ನ ಗೆಳೆಯ ಕತ್ತರಿನೂ ಎದ್ದು ತನ್ನ ಸಲೂನಿಗೆ ಹೋಗಿಯಾಯ್ತು, ಇನ್ನೂ ಯಾಕೆ ದಾಳದ ಮೇಲೆ ಬೆರಳಿಟ್ಕೊಂಡು ಕೂತಿದೀಯ? ಕೈ ತೆಗಿ, ಎತ್ತಿಡ್ತೀನಿ... ಏನು ಸವರ್ತಿದೀಯ?

ಓ.

ಹೌದಪ್ಪ, ಒಂದೇ ಗುಂಡಿ. ನಡುಮಧ್ಯೆ, ಒಂದೇ ಒಂದು. ಒಂದೇ ಬಿದ್ದಿದ್ದು! ಅದಕ್ಕೆ ಯಾಕೆ ಹಾಗೆ ನಗ್ತೀಯ?

ನೋಡು, ಕಥೆ ನಡೆಸೋಳಿಗೆ ಅಷ್ಟೂ ಅಧಿಕಾರ ಬೇಡ್ವಾ? ನೀವಿಬ್ಬರೂ ಒಂದೊಂದು ವೇಷ ಹಾಕ್ಕೊಂಡು ಕೂರ್ತೀರಿ, ಅಪಾಯ ಬಂದಾಗ ದಾಳ ಉರುಳಿಸ್ತೀರಿ. ಕಾಡು, ಕೋಟೆ, ಕಳ್ಳರು, ಸೇತುವೆ... ಎಲ್ಲಾ ಕಟ್ಟೋಳು ನಾನು! ಒಂದು ಪ್ಲಾಸ್ಟಿಕ್ ತುಂಡು ಉರುಳಿದ ಮಾತ್ರಕ್ಕೆ ಕಥೆಗೆಲ್ಲಾ ಎಳ್ಳುನೀರು ಬಿಡ್ಬೇಕಾ? ಉಪ್ಪು ಕಮ್ಮಿ ಅನ್ನಿಸಿದ್ರೆ ಒಂದು ಚಿಟಿಕೆ ಹಾಕಲ್ವಾ? ಹಾಗೇ ಇದೂ.

ಅವನ ಕುರ್ಚಿ ಕಡೆ ಯಾಕೆ ಕೈ ತೋರಿಸ್ತೀಯ? ...ಹೂಂ, ಕತ್ತರಿಗೂ ಗೊತ್ತು. ಅವನಿಗೆ ಕಾಣುತ್ತಲ್ಲ. ಸುಮ್ನಿರು ಅಂತ ಕಣ್ಸನ್ನೆ ಮಾಡಿದ್ದೆ... ಇಲ್ಲ, ಅವನಿಗೆ ಯಾವತ್ತೂ ಸುಳ್ಳು ಹೇಳಿಲ್ಲ. ಹೋದ ವಾರ ಅವನಿಗೂ ಒಂದೇ ಬಿತ್ತು, ಒಂದು ಅಂತಲೇ ಅಂದೆ, ಅವನ ಬಿಲ್ಲುಗಾರ ಸತ್ತ. ಎದೆ ಬಡ್ಕೊಂಡು ಅತ್ತಂಗೆ ಮಾಡಿ, ನಕ್ಕು, ಅಲ್ಲೇ ಒಬ್ಬ ಮಾಂತ್ರಿಕನನ್ನ ಹುಟ್ಟಿಸ್ಕೊಂಡ. ಅವನು ತಡ್ಕೋತಾನೆ, ಅದಕ್ಕೆ...

ನೀನು ತಡ್ಕೊಳಲ್ಲ ಅಂತ ನಾನೆಲ್ಲಿ ಅಂದೆ!

ಶೆಡ್ಡಿನಲ್ಲಿ ಸಿಲಿಂಡರ್ ಸಿಡಿದ ಮೇಲೆ ಹೇಗಿದ್ದೆ ಗೊತ್ತಾ ನೀನು? ಗೋಡೆ ಕಡೆ ಮುಖ ಮಾಡಿ ಮಲಗಿದ್ರೆ ಏಳ್ತಾನೇ ಇರ್ಲಿಲ್ಲ. ಬಸ್ ಬಾಡಿಗಳಿಗೆ ವೆಲ್ಡಿಂಗ್ ಮಾಡಿದ ಕೈ, ನೀರಿನ ಲೋಟಾನೂ ಎತ್ತುತಿರ್ಲಿಲ್ಲ! ಈ ಆಟ ಶುರುವಾದ ಮೇಲೆ ತಾನೇ ನೀನು ಗಡ್ಡ ಬೋಳಿಸು ಅಂತ ಕತ್ತರಿಗೆ ಹೇಳಿದ್ದು? ಮೊನ್ನೆ ದೈತ್ಯನನ್ನ ಕೆಡವಿದಾಗ ನೀನು ಕೂಗಿದ್ದಕ್ಕೆ, ಏನಾಯ್ತೋ ಅಂತ ಅತ್ತಿಗೆ ಒದ್ದೆ ಕೈಯಲ್ಲೇ ಓಡಿ ಬಂದ್ರು. ಬಾಗಿಲಲ್ಲಿ ನಿಂತು ನಕ್ಕರು, ಅಣ್ಣ. ಎಷ್ಟು ದಿನದ ಮೇಲೆ... ಅವತ್ತು ಎಷ್ಟು ಬಿದ್ದಿತ್ತು ಅಂತ ಮಾತ್ರ ಕೇಳ್ಬೇಡ.

ಬೈಯೋದಾದ್ರೆ ಬೈದ್ಬಿಡು. ಕಣ್ಣಿನ ಪಟ್ಟಿ ಯಾಕೆ ಮುಟ್ಕೋತೀಯ? ತುರಿಸುತ್ತಾ? ಬೇಡ, ನಾಳಿದ್ದು ಡಾಕ್ಟರೇ ಬಿಚ್ತಾರೆ.

ಡಾಕ್ಟರ್ ಹೇಳಿದ್ದನ್ನ ಅವತ್ತೇ ನಿನಗೆ ಹೇಳಿದೆನಲ್ಲ. ನನ್ನೊಬ್ಬಳನ್ನೇ ಒಳಗೆ ಕರೆದ್ರು, ಕೂತ್ಕೊಳಮ್ಮ ಅಂದ್ರು, ಪಟ್ಟಿ ಬಿಚ್ಚಿದ ಮೇಲೆ ಎಲ್ಲಾ ಸರಿಹೋಗುತ್ತೆ ಅಂದ್ರು... ಅಯ್ಯೋ, ಅದಕ್ಕೂ ಇದಕ್ಕೂ ಏನಣ್ಣ ಸಂಬಂಧ? ಆಟ ಬೇರೆ, ಇದು ಬೇರೆ! ಅಂಥ ವಿಷಯದಲ್ಲಿ ಯಾರಾದ್ರೂ...

ಮುಖ ಈ ಕಡೆ ತಿರುಗಿಸ್ಬೇಡ.

...ಎಡಗಣ್ಣು. ಎಡಗಣ್ಣು ಮಾತ್ರ ಸ್ವಲ್ಪ ಕಷ್ಟ ಅಂದ್ರು. ಬಲಗಣ್ಣಿಗೆ ಏನೂ ಆಗಿಲ್ಲ, ನನ್ನ ಕಣ್ಣಾಣೆಗೂ...

ಅಣ್ಣ? ಏನಾದ್ರೂ ಅನ್ನು. ಹೂಂ ಅನ್ನು. ಥೂ ಅನ್ನು...

ಎರಡೂ.

ಎರಡೂ, ಅಣ್ಣ.