ಸೂಗಪ್ಪನ ಗದ್ದಕ್ಕೆ ಹಿಡಿದ ಕತ್ತಿ ಯಾವುದು ಎಂಬ ಬಗ್ಗೆ

ಅಂಬಪ್ಪ ತಂದೆ ಬಸ್ಸಪ್ಪ ಹಡಪದ, ವಯಸ್ಸು 52 ವರ್ಷ, ಉದ್ಯೋಗ ಕ್ಷೌರ, ಸಾಕಿನ್ ಜವಳಗೇರಾ, ತಾಲೂಕು ಸಿಂಧನೂರು, ಜಿಲ್ಲಾ ರಾಯಚೂರು. ನಾನು ಇಂದು ದಿನಾಂಕ 15-9-1997ರಂದು ಬೆಳಿಗ್ಗೆ 9-30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮೂರ ಬಸ್ ನಿಲ್ದಾಣದ ಎದುರಿಗೆ ನನ್ನ ಕ್ಷೌರದ ಅಂಗಡಿ ಇರುತ್ತದೆ. ಅಂಗಡಿಗೆ ಹತ್ತು ಹೆಜ್ಜೆ ದೂರದಲ್ಲಿ ಮಕ್ತುಮ್‌ಸಾಬನ ಹೋಟೆಲ್ ಇರುತ್ತದೆ. ನನ್ನ ಹತ್ತಿರ ಎರಡು ಕತ್ತಿ ಇವೆ. ಎರಡಕ್ಕೂ ಎಮ್ಮೆ ಕೋಡಿನ ಹಿಡಿಕೆ. ನಮ್ಮಪ್ಪ ಲಿಂಗಸುಗೂರಿನ ಒಬ್ಬನೇ ಕಮ್ಮಾರನ ಹತ್ತಿರ ಜೋಡಿಯಾಗಿ ಮಾಡಿಸಿದ್ದು. ಒಂದನ್ನು ದಿನಾಲೂ ಬಳಸುತ್ತಿದ್ದೆ. ಇನ್ನೊಂದು ನಮ್ಮಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಡಬ್ಬಿಯಲ್ಲೇ ಇತ್ತು.

ದಿನಾಂಕ 17-8-97, ಭಾನುವಾರ ಬೆಳಿಗ್ಗೆ 8 ಗಂಟೆಗೆ, ಬೊಂಬಾಯಿ ಲಾರಿ ಓಡಿಸುತ್ತಿದ್ದ ನಮ್ಮೂರ ಕನಕರಾಯನಿಗೆ ಅವನ ಮನೆಗೆ ಹೋಗಿ ದಿನಾ ಬಳಸುವ ಕತ್ತಿಯಿಂದ ಹೊರಸಿನ ಮೇಲೆಯೇ ಕ್ಷೌರ ಮಾಡಿದೆ. ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಗದ್ದದ ಮೇಲೆ ಹುಣ್ಣಿದ್ದವು, ಒಂದು ಒಡೆದು ರಕ್ತ ಬಂತು. ನನ್ನ ಹೆಬ್ಬೆರಳು ಸಾಣೆಕಲ್ಲಿಗೆ ಸೀಳಿದ್ದು ಆಗಲೇ ಇತ್ತು. ಅವತ್ತು ನನಗೆ ಏನೂ ಅನ್ನಿಸಲಿಲ್ಲ. ಕೈ ತೊಳೆದು ಅವರ ಮನೆಯ ಚಹಾ ಕುಡಿದು ಬಂದೆ.

ದಿನಾಂಕ 29-8-97ರಂದು ಕನಕರಾಯ ತೀರಿಕೊಂಡ. ಅದು ಏಡ್ಸ್ ರೋಗವೆಂದು ಅದೇ ಸಂಜೆ ಊರಿಗೆಲ್ಲ ಗೊತ್ತಾಯಿತು. ಹೆಣ ಹೊರಲು ಮನೆಯ ನಾಲ್ಕು ಜನ ಬಿಟ್ಟರೆ ಐದನೆಯವನು ಬರಲಿಲ್ಲ. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಕೂತು ಉಂಡರೂ ಬರುವುದಿಲ್ಲ, ರಕ್ತಕ್ಕೆ ರಕ್ತ ಸೇರಬಾರದು ಅಷ್ಟೇ ಎಂದು ದವಾಖಾನೆಯ ನರ್ಸಮ್ಮ ಓಣಿ ಓಣಿ ತಿರುಗಿ ಹೇಳಿದರು. ಜನ ಮೊದಲಿನ ಎರಡು ಮಾತು ಬಿಟ್ಟು ಕೊನೆಯದನ್ನು ಹಿಡಿದರು. ರಕ್ತ ಅಂದ ಕೂಡಲೇ ಎಲ್ಲರಿಗೂ ನನ್ನ ಕತ್ತಿ ನೆನಪಾಯಿತು. ಮರುದಿನದಿಂದ ಅಂಗಡಿಗೆ ನರಪಿಳ್ಳೆ ಬರಲಿಲ್ಲ. ನಾನು ಆ ಕತ್ತಿಯನ್ನು ಮೂರು ಸಲ ಕುದಿಯುವ ನೀರಿಗೆ ಹಾಕಿದೆ. ಆಮೇಲೆ ನನಗೇ ಮುಟ್ಟಲು ಕೈ ಬರಲಿಲ್ಲ. ಬಟ್ಟೆ ಸುತ್ತಿ ಜಂತಿಗೆ ಸಿಗಿಸಿದೆ.

ಹೋಟೆಲಿನಲ್ಲಿ ದಿನವೂ ಇದೇ ವಾದ. ನಿವೃತ್ತ ಮಾಸ್ತರ ಜಿಲಾನಿಸಾಬರು ಪೇಪರ್ ಓದಿ, ಇದು ದೇಶ ದೇಶಗಳನ್ನೇ ತಿನ್ನುತ್ತಿದೆ, ಹಗುರ ತಿಳಿಯಬೇಡಿ ಎನ್ನುತ್ತಿದ್ದರು. ಟ್ರ್ಯಾಕ್ಟರ್ ಡ್ರೈವರ್ ಸೂಗಪ್ಪ, ವಯಸ್ಸು 34, ಇದೆಲ್ಲ ಡಾಕ್ಟರರು ಸೂಜಿ ಮಾರಲು ಕಟ್ಟಿದ ಕಥೆ, ನಮ್ಮ ಕಾಲುವೆ ಸೊಳ್ಳೆ ಕೊಂದಷ್ಟು ಜನರನ್ನು ಈ ರೋಗ ಕೊಂದಿಲ್ಲ ಎನ್ನುತ್ತಿದ್ದ. ಅವನ ಬಾಯಿ ದೊಡ್ಡದು, ಮನಸ್ಸು ಹೂವು. ಇದನ್ನು ಬರೆಯುವುದು ಬೇಡ ಎಂದು ನನ್ನ ಹೇಳಿಕೆ ಬರೆದುಕೊಳ್ಳುತ್ತಿರುವ ಜಮಾದಾರ ಸಾಹೇಬರು ಅಂದರು. ನಾನು ಬೇಕೆಂದು ಬರೆಸಿದ್ದೇನೆ.

ದಿನಾಂಕ 7-9-97, ಭಾನುವಾರ ಬೆಳಿಗ್ಗೆ 10 ಗಂಟೆಗೆ ಸೂಗಪ್ಪ ಹೋಟೆಲ್ ಮುಂದೆ ಕುರ್ಚಿ ಹಾಕಿಸಿ, ಸುಮಾರು ಮೂವತ್ತು ಜನರ ಎದುರಿಗೆ, ಕನಕರಾಯನಿಗೆ ಹಿಡಿದ ಕತ್ತಿಯನ್ನೇ ತಂದು ತನಗೆ ಗಡ್ಡ ಮಾಡು ಎಂದು ನನ್ನನ್ನು ಕರೆದ. ನಾನು ಒಳಗೆ ಹೋಗಿ ಜಂತಿ ನೋಡಿದೆ. ಕೈ ಮೇಲೇಳಲಿಲ್ಲ. ಡಬ್ಬಿ ತೆಗೆದು ನಮ್ಮಪ್ಪನ ಕತ್ತಿ ತಂದೆ. ಹಿಡಿಕೆ ಒಂದೇ ತರಹ, ಯಾರಿಗೂ ತಿಳಿಯಲಿಲ್ಲ. ಹನ್ನೊಂದು ವರ್ಷ ಸಾಣೆ ಕಾಣದ ಕತ್ತಿ ಮೊಂಡಾಗಿತ್ತು, ಎಡಕಿವಿಯ ಕೆಳಗೆ ಅರ್ಧ ಇಂಚು ಕೊಯ್ಯಿತು. ಸೂಗಪ್ಪ ರಕ್ತ ಒರೆಸಿ ಎಲ್ಲರಿಗೂ ತೋರಿಸಿ ನಕ್ಕ. ಅವತ್ತೇ ಆರು ಜನ ನನ್ನ ಅಂಗಡಿಗೆ ಬಂದರು. ನಾನು ಬಾಯಿ ಬಿಡಲಿಲ್ಲ.

ದಿನಾಂಕ 10ರಂದು ಸೂಗಪ್ಪನಿಗೆ ಚಳಿಜ್ವರ ಬಂತು. ಗದ್ದೆ ನಾಟಿಯ ಕಾಲದಲ್ಲಿ ನಮ್ಮೂರಲ್ಲಿ ಯಾರಿಗೆ ಬರುವುದಿಲ್ಲ? ಆದರೆ ಅವನು ತಾಟು, ಚರಿಗೆ ಬೇರೆ ಮಾಡಿಕೊಂಡು ದನದ ಕೊಟ್ಟಿಗೆಯಲ್ಲಿ ಮಲಗಿದ. ನಾಲ್ಕು ವರ್ಷದ ಮಗಳು ಹತ್ತಿರ ಬಂದರೆ ಬೈದು ಓಡಿಸಿದ.

ದಿನಾಂಕ 12, ಶುಕ್ರವಾರ ಸಂಜೆ 6 ಗಂಟೆಗೆ ಸೂಗಪ್ಪ ಕಂಬಳಿ ಹೊದ್ದು ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತು ಕೇಳಿದ:

"ಖರೇ ಹೇಳು ಕಾಕಾ. ಅವತ್ತು ನನಗ ಹಿಡಿದಿದ್ದು ಅದ ಕತ್ತಿ ಹೌದಿಲ್ಲೋ?"

ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕೂತಿದ್ದರು. ಇಬ್ಬರೂ ನನ್ನ ಮುಖ ನೋಡಿದರು. ಬೇರೆ ಕತ್ತಿ ಎಂದರೆ ಇಡೀ ಊರಿಗೆ ಮೋಸ ಮಾಡಿದಂತೆ, ಅಂಗಡಿ ಮತ್ತೆ ಬಂದ್. ನಾನು ಹೇಳಿದೆ:

"ಅದ ಕತ್ತಿನ. ನಿನಗೇನಾಗೇತಿ ಈಗ? ಸುಮ್ನ ಮನಿಗೆ ಹೋಗು."

ಅವನು ತಲೆ ತಗ್ಗಿಸಿ ಹೋದ. ಆ ಮೇಲೆ ನಾನು ಅವನನ್ನು ನೋಡಿಲ್ಲ.

ನಿನ್ನೆ ದಿನಾಂಕ 14ರ ಬೆಳಿಗ್ಗೆ 6 ಗಂಟೆಗೆ ಅವನ ಹೆಂಡತಿ ಶೇಖಮ್ಮ ಕೊಟ್ಟಿಗೆಗೆ ಹೋದಾಗ ಅವನಿರಲಿಲ್ಲ. ಊರಿಂದ ಒಂದು ಕಿಲೋಮೀಟರ್ ದೂರದ ಕಾಲುವೆ ಸೇತುವೆ ಮೇಲೆ ಅವನ ಚಪ್ಪಲಿ, ಮಡಚಿಟ್ಟ ಕಂಬಳಿ ಸಿಕ್ಕವು. ನಾನು ಶೇಖಮ್ಮಳ ಮುಂದೆ ಕೂತು ಕತ್ತಿಯ ವಿಷಯ ಇದ್ದದ್ದು ಇದ್ದಂತೆ ಹೇಳಿದೆ. ಅವಳು ಅಳಲಿಲ್ಲ.

"ಈ ಮಾತು ಮೊನ್ನೆ ನಿನ್ನ ಬಾಯಾಗ ಎಲ್ಲಿ ಹೋಗಿತ್ತು ಕಾಕಾ?" ಎಂದಳು.

ಆ ಮೇಲೆ ನಾನು ಬೆಳಿಗ್ಗೆ 8ರಿಂದ ಸಂಜೆ 5ರ ತನಕ ಕಾಲುವೆ ಏರಿಯ ಮೇಲೆ ಒಂಬತ್ತು ಕಿಲೋಮೀಟರ್ ನಡೆದು, ಸೂಗಪ್ಪಾ, ಅದು ಬ್ಯಾರೆ ಕತ್ತಿ ಎಂದು ಕೂಗಿದ್ದೇನೆ. ನಾಟಿ ಮಾಡುವ ಹೆಣ್ಣುಮಕ್ಕಳು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡರು.

ಎರಡೂ ಕತ್ತಿ ತಂದಿದ್ದೇನೆ. ನಮ್ಮಪ್ಪನದು ಮೇಜಿನ ಮೇಲಿದೆ. ಇನ್ನೊಂದನ್ನು ಒಳಗೆ ತರಬೇಡವೆಂದು ಜಮಾದಾರ ಸಾಹೇಬರು ಹೇಳಿದ್ದರಿಂದ ಹೊರಗೆ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಸೂಗಪ್ಪ ಎಲ್ಲಾದರೂ ಜೀವಂತ ಸಿಕ್ಕರೆ, ಹೆಸರು ಕೇಳುವ ಮೊದಲೇ ಅವನಿಗೆ ಕತ್ತಿಯ ಮಾತು ಹೇಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನನ್ನ ಹೆಬ್ಬೆರಳಿನ ಸೀಳು ಇನ್ನೂ ಮಾಯ್ದಿಲ್ಲ. ಅದರ ಬಗ್ಗೆ ನಾನು ಯಾರನ್ನೂ ಏನೂ ಕೇಳಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿ 12ನೇ ತಾರೀಖು ಸಂಜೆ 6 ಗಂಟೆಗೆ ನಾನು ಆಡಿದ ಮಾತೊಂದು ಸುಳ್ಳು. ಉಳಿದದ್ದೆಲ್ಲ ನಿಜವಿರುತ್ತದೆ.

ಸ್ಥಳ: ಸಿಂಧನೂರು
ದಿನಾಂಕ: 15-9-1997

ಅಂಬಪ್ಪ ತಂದೆ ಬಸ್ಸಪ್ಪ ಹಡಪದ ಇವನ ಎಡಗೈ ಹೆಬ್ಬೆಟ್ಟಿನ ಗುರುತು
(ಬಲಗೈ ಹೆಬ್ಬೆರಳಿಗೆ ಗಾಯವಿದ್ದ ಕಾರಣ)